ಬರುವುದಿ

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಫಂಕ್ಷನ್ ಎಂದು. ಮೆಟ್ಟಿಲ ಮೇಲೆ ಎದುರಾದವರು "ಏನಪ್ಪಾ, ಮುಂದಿನ ಫಂಕ್ಷನ್ ಯಾವಾಗ? ಊಟ ಇದೆಯೋ, ಬರೀ ಕಾಫಿಯೋ?" ಎಂದು ಕೇಳುವುದು, ಅವನು "ಊಟ ಇದೆ, ತಟ್ಟೆ ನೀವೇ ತನ್ನಿ" ಎನ್ನುವುದು, ಇಬ್ಬರೂ ನಕ್ಕು ಮುಂದೆ ಹೋಗುವುದು. ಇದು ಎಷ್ಟು ಕಾಲದಿಂದ ನಡೆದಿತ್ತೆಂದರೆ ಆ ನಗು ಸವೆದು ತೆಳ್ಳಗಾಗಿತ್ತು. ಹೆಸರನ್ನು ಮೊದಲು ಇಟ್ಟುಕೊಂಡವನೂ ಅವನೇ. ಬೇರೆಯವರು ನಗುವ ಮೊದಲು ತನ್ನನ್ನು ನೋಡಿ ತಾನೇ ನಕ್ಕುಬಿಟ್ಟರೆ ಅವಮಾನ ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂಬುದು ಅವನ ಲೆಕ್ಕಾಚಾರ.

ಹೆಸರಿಗೆ ಕಾರಣ ಅವನ ಕೆಲಸ. ಯಾವ ಬೀದಿಗೆ ಯಾವತ್ತು ನೀರು ಬರುತ್ತದೆ, ಯಾವತ್ತು ಬರುವುದಿಲ್ಲ ಎಂದು ಎಂಜಿನಿಯರುಗಳು ತೀರ್ಮಾನಿಸುತ್ತಾರೆ. ಅದನ್ನು ಜನರ ಮೊಬೈಲಿಗೆ ಮೆಸೇಜ್ ಮಾಡಿ ಕಳಿಸುವ ಪ್ರೋಗ್ರಾಮು ಅವನದು. ಬರೆದದ್ದು ಒಂದು ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಭಾಷೆಯಲ್ಲಿ. ಕಾರಣ, ಹೊತ್ತು, ಬೀದಿಯ ಹೆಸರು ಇವನ್ನೆಲ್ಲ ಹೊಂದಿಸಿ ಒಂದು ವಾಕ್ಯ ಮಾಡುವ ಸೂತ್ರವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಆ ಸೂತ್ರದೊಳಗೆ ಚಿಲ್ಲರೆ ಚಾಕರಿ ಮಾಡುವುದಕ್ಕೆ ಫಂಕ್ಷನ್ನುಗಳೆಂಬ ಆಳುಗಳು ಬೇಕು. ಅಂಥ ಆಳುಗಳನ್ನು ಅವನು ಒಬ್ಬೊಬ್ಬರನ್ನಾಗಿ ತಾನೇ ಹುಟ್ಟಿಸಿ, ಹೆಸರಿಟ್ಟು ಸಾಕಿದ್ದ. ಎರಡು ಪದ ಸೇರಿಸುವವನು ಗೋಂದು. ಪದದ ಹಿಂದೆ ಮುಂದೆ ಉಳಿದ ಖಾಲಿ ಜಾಗ ತೆಗೆಯುವವನು ಬೋಳಿಸು. ಬೀದಿಯ ಹೆಸರು ಬರೆಯುವುದನ್ನು ಯಾರಾದರೂ ಮರೆತಿದ್ದರೆ ಆ ತೂತಿಗೆ 'ನಿಮ್ಮ ಬೀದಿ' ಎಂದು ತುಂಬುವವನು ತೇಪೆ. ತೇಪೆಯ ಮೇಲಂತೂ ಅವನಿಗೆ ಸ್ವಂತ ಮಗನ ಮೇಲಿನಷ್ಟು ಅಕ್ಕರೆ.

ಅವನು ಇದನ್ನೆಲ್ಲ ಕಾಲೇಜಿನಲ್ಲಿ ಕಲಿತು ಬಂದವನಲ್ಲ. ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸಕ್ಕೆ ಸೇರಿದ್ದವನು. ನಾಯಿಗಳಿಗೆ ಅವನ ಕಾಲಿನ ಮೇಲೆ ಅದೇನೋ ವಿಶೇಷ ಪ್ರೀತಿ ಇದ್ದದ್ದರಿಂದ ಒಳಗಿನ ಕೆಲಸಕ್ಕೆ ಹಾಕಿದರು. ಕಚೇರಿಯ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನೀರಿನ ಸುದ್ದಿ ಬರೆಯುವುದು ಆ ಕೆಲಸ. ಅಕ್ಷರವೇನೋ ದುಂಡಗಿತ್ತು, ಜಾಗದ ಅಂದಾಜು ಮಾತ್ರ ಸೊನ್ನೆ. ಸಾಲಿನ ಮೊದಲ ಪದ ಕುಂಬಳಕಾಯಿಯಷ್ಟಿದ್ದರೆ ಕೊನೆಯದು ಸಾಸಿವೆಯಷ್ಟು. 'ಇಲ್ಲ' ಎಂಬುದಂತೂ ಹಲಗೆ ಮುಗಿದು ಮರದ ಅಂಚಿನ ಮೇಲೆ ಹತ್ತಿ ಕೂತಿರುತ್ತಿತ್ತು. ಜನ ಬಂದವರು ಮೊದಲು ಅಂಚು ನೋಡಿ, ಆಮೇಲೆ ಹಲಗೆ ಓದುತ್ತಿದ್ದರು. ಹಲಗೆ ಹೋಗಿ ಕಂಪ್ಯೂಟರ್ ಬಂದಾಗ, ನೀರಿನ ಸುದ್ದಿ ಬರೆಯುವವನು ನೀನೇ ತಾನೆ ಎಂದು ಅವನನ್ನೇ ಅದರ ಮುಂದೆ ಕೂರಿಸಿದರು. ಜೊತೆಗೆ ಆ ಭಾಷೆಯ ದಪ್ಪನೆಯ ಕೈಪಿಡಿಯನ್ನೂ ಕೊಟ್ಟರು. ಮಾನಿಟರಿನ ಅಡಿಗೆ ಇಟ್ಟು ನೋಡಿದ. ಕುತ್ತಿಗೆಗೆ ಹಾಯಾದ ಎತ್ತರ ಬಂತು. ಅವತ್ತಿನಿಂದ ಅದು ಅಲ್ಲಿಂದ ಅಲುಗಿರಲಿಲ್ಲ.

ಅವನ ಹೆಂಡತಿಯದು ತಲೆಗೂದಲಿನ ಕೆಲಸ. ದೊಡ್ಡದೊಂದು ಪಾರ್ಲರಿನಲ್ಲಿ ಬೇರೆಯವರ ಕೈಕೆಳಗೆ ಕತ್ತರಿ ಆಡಿಸಿ, ಬಣ್ಣ ಹಚ್ಚಿ, ಯಜಮಾನಿಯ ಮೂದಲಿಕೆ ಕೇಳಿ ಕೇಳಿ ಸಾಕಾಗಿ, "ಇನ್ನು ಈ ಬಾಗಿಲು ತುಳಿಯಲ್ಲ" ಎಂದು ಮುಖದ ಮೇಲೆ ಹೇಳಿ ಹೊರಬಿದ್ದಿದ್ದಳು. ಗಿರಣಿ ಬೀದಿಯಲ್ಲಿ ಅವರ ಮನೆಯ ಕೆಳಗಿದ್ದ ಕಿರಿದಾದ ಕೋಣೆಯಲ್ಲಿ ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ತಲೆ ತೊಳೆಯುವ ಒಂದು ಬೇಸಿನ್, ಮೂಲೆಗೊಂದು ನೀಲಿ ಡ್ರಮ್ ಇಟ್ಟು ಸ್ವಂತ ಪಾರ್ಲರ್ ತೆರೆದಳು. ಬರುವವರು ಅಕ್ಕಪಕ್ಕದವರು, ಕೂದಲ ತುದಿ ಕತ್ತರಿಸಿಕೊಂಡು ಹೋಗುವವರಿಗಿಂತ ದೊಡ್ಡ ಕನ್ನಡಿ ನೋಡಿಕೊಂಡು ಹೋಗುವವರೇ ಹೆಚ್ಚು. ಹೀಗೇ ಆದರೆ ತುಳಿಯುವುದಿಲ್ಲ ಎಂದ ಬಾಗಿಲನ್ನೇ ಮತ್ತೆ ತುಳಿಯಬೇಕಾಗುತ್ತದೆ ಎಂಬ ಹೆದರಿಕೆ ಅವಳಿಗಿತ್ತು.

ಅಂಥದ್ದರಲ್ಲಿ ಬೀದಿಯ ತುದಿಯ ಶಾಲೆಯ ಹೆಡ್ ಮೇಡಂ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತರು. ಪರೀಕ್ಷೆಯ ಹಾಲ್ ನೋಡುವ ಹಾಗೆ ಕೋಣೆಯನ್ನು ಮೂಲೆಯಿಂದ ಮೂಲೆಗೆ ನೋಡಿ, "ಶುಕ್ರವಾರ ಶಾಲೆ ಫೋಟೋ ಇದೆ. ಗುರುವಾರ ಹತ್ತು ಗಂಟೆಗೆ ಬರ್ತೀನಿ. ಕಂದು ಬಣ್ಣ ಬೇಕು, ಹಚ್ಚಿದ್ದು ಅಂತ ಗೊತ್ತಾಗಬಾರ್ದು. ಚೆನ್ನಾಗಿ ಬಂದ್ರೆ ನಮ್ಮ ಟೀಚರ್‌ಗಳನ್ನೆಲ್ಲ ಇಲ್ಲಿಗೇ ಕಳಿಸ್ತೀನಿ" ಎಂದರು. ಅವತ್ತು ಹೆಂಡತಿ ಊಟ ಮಾಡುವಾಗಲೂ ಮುಗುಳ್ನಗುತ್ತಿದ್ದಳು.

ಅದೇ ವಾರ ಕಚೇರಿಗೆ ಹೊಸ ಪ್ರೋಗ್ರಾಮರ್ ಬಂದಳು. ಅವಳಿಗೆ ಕೆಲಸ ತೋರಿಸುವ ನೆಪದಲ್ಲಿ ಅವನು ತನ್ನ ಆಳುಗಳ ಮೆರವಣಿಗೆಯನ್ನೇ ಹೊರಡಿಸಿದ. ಅವಳು ಗೋಂದನ್ನು ನೋಡಿದಳು, ಬೋಳಿಸುವನ್ನು ನೋಡಿದಳು, ತೇಪೆಯನ್ನೂ ನೋಡಿದಳು. ಆಮೇಲೆ ಸಂಕೋಚದಿಂದಲೇ, "ಸರ್, ಇವೆಲ್ಲ ಈ ಭಾಷೇಲೇ ಇದಾವಲ್ಲ" ಎಂದಳು.

"ಎಲ್ಲಿ?"

"ಬಿಲ್ಟ್ ಇನ್ ಸರ್, ಭಾಷೆ ಜೊತೇಲೇ ಬಂದಿರ್ತವೆ. ಸೇರಿಸೋದು, ಎಣಿಸೋದು, ಕತ್ತರಿಸೋದು, ಖಾಲಿ ಇದ್ರೆ ತುಂಬೋದು, ಎಲ್ಲಾ. ಹೆಸರು ಬರೆದ್ರೆ ಸಾಕು. ಕೈಪಿಡೀಲಿ ಒಂದು ಅಧ್ಯಾಯನೇ ಇದೆ. ನಿಮ್ಮ ಹತ್ರ ಕೈಪಿಡಿ ಇಲ್ವಾ?"

ಅವನು ಎರಡೂ ಕೈಯಿಂದ ಮಾನಿಟರ್ ಎತ್ತಿದ.

ಧೂಳು ಕೊಡವಿ ತೆರೆದರೆ, ಹುಟ್ಟಿನಿಂದಲೇ ಬಂದ ಆಳುಗಳು ಪುಟದಿಂದ ಪುಟಕ್ಕೆ ಕೈಕಟ್ಟಿ ಸಾಲಾಗಿ ನಿಂತಿದ್ದರು. ಕರೆದಿದ್ದರೆ ಓಡಿ ಬರುತ್ತಿದ್ದರು. ಕರೆದವರಿಲ್ಲ. ಮನೆ ತುಂಬ ಆಳುಗಳನ್ನಿಟ್ಟುಕೊಂಡು ಬೀದಿಯಲ್ಲಿ ಆಳು ಹುಡುಕಿದ ಮಹಾನುಭಾವ ತಾನು ಎಂದು ಅವನ ಕಿವಿ ಬಿಸಿಯಾಯಿತು. ಬಿಸಿ ಕಿವಿಗೆ ಅವನಲ್ಲಿದ್ದ ಔಷಧ ಒಂದೇ. ಎದ್ದು ಕೋಣೆಯಿಂದ ಕೋಣೆಗೆ ಹೋಗಿ, "ಕೇಳಿದ್ರಾ? ನಾನು ಇಷ್ಟು ವರ್ಷ ಕೂತು ಚಕ್ರ ಕಂಡುಹಿಡೀತಿದ್ದೆ. ಹೊರಗೆ ನೋಡಿದ್ರೆ ಜನ ಆಗಲೇ ಬಸ್ಸಲ್ಲಿ ಓಡಾಡ್ತಿದಾರೆ" ಎಂದು ತಾನೇ ಡಂಗುರ ಸಾರಿ ಬಂದ. ಎಲ್ಲರೂ ನಕ್ಕರು. ಅವನಿಗೆ ಸಮಾಧಾನವಾಯಿತು. ತನ್ನನ್ನು ತಾನು ಬೈದುಕೊಳ್ಳುವುದರಲ್ಲಿ ಒಂದು ಸುಖವಿದೆ. ಬೈಯುವವನೂ ತಾನೇ ಆದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ಕೈಯಲ್ಲೇ ಇರುತ್ತದೆ.

ಅದೇ ಹುರುಪಿನಲ್ಲಿ ಮಧ್ಯಾಹ್ನ ಕೂತು ತನ್ನ ಆಳುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿದ. ಗೋಂದು ಹೋದ, ಬೋಳಿಸು ಹೋದ, ಸ್ವಲ್ಪ ಹೊಟ್ಟೆ ಉರಿದರೂ ತೇಪೆಯೂ ಹೋದ. ಕೊನೆಗೆ ಉಳಿದವನು ಅಂಚು. ಮೆಸೇಜ್ ಉದ್ದವಾದರೆ ಮೊಟಕು ಮಾಡುವ ಆಳು ಅದು. ಅದರ ಒಳಗೆ ಇಣುಕಿದರೆ ಪುಟಗಟ್ಟಲೆ ಇತ್ತು. ಯಾಕೆ ಹಾಗೆ ಬರೆದೆ ಎಂದು ಅವನಿಗೇ ನೆನಪಿರಲಿಲ್ಲ. ನನಗೇ ಗೊತ್ತಲ್ಲ, ಟಿಪ್ಪಣಿ ಯಾಕೆ ಎಂದು ಆಗ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ.

"ಸರ್, ಇದೊಂದು ಯಾಕೆ ಇಷ್ಟುದ್ದ ಇದೆ? ಏನೋ ಕಾರಣ ಇರಬೇಕು, ನೋಡಿ ತೆಗೀರಿ" ಎಂದಳು ಪ್ರೋಗ್ರಾಮರ್.

"ಕಾರಣ ಏನಮ್ಮಾ, ನನ್ನ ದಡ್ಡತನ" ಎಂದು ನಕ್ಕ. ಕನ್ನಡದ ಒಂದು ಮೆಸೇಜಿಗೆ ಎಪ್ಪತ್ತು ಅಕ್ಷರದ ಮಿತಿ. ಮೊದಲ ಎಪ್ಪತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವ ಆಳು ಭಾಷೆಯಲ್ಲೇ ಇದ್ದ. ಅಂಚನ್ನು ಕಿತ್ತು ಆ ಜಾಗದಲ್ಲಿ ಈ ಆಳನ್ನು ನಿಲ್ಲಿಸಿದ. 'ಇಂದು ನೀರು ಬರುವುದಿಲ್ಲ' ಎಂದು ಬರೆದು ಪರೀಕ್ಷೆ ಮಾಡಿದ. ಸರಿಯಾಗಿ ಬಂತು. ಚಿಕ್ಕ ವಾಕ್ಯ, ಬಾರದೆ ಏನು ಮಾಡೀತು.

ಗುರುವಾರ ಬೆಳಿಗ್ಗೆ ಅವನು ಹೊಸ್ತಿಲ ಹೊರಗೆ ಕೂತು ಶೂ ಲೇಸು ಕಟ್ಟುತ್ತಿದ್ದಾಗ ಹೆಂಡತಿ ಹಿಂದೆ ಬಂದು ನಿಂತಳು.

"ರೀ, ಇವತ್ತು ನೀರು ಹೇಗೆ? ಡ್ರಮ್ ತುಂಬಿಸ್ಲಾ? ಹೆಡ್ ಮೇಡಂ ಬರ್ತಾರೆ."

ಹತ್ತರ ನಂತರ ನೀರಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಸಂಜೆ ಆ ಸುದ್ದಿಯನ್ನು ಪ್ರೋಗ್ರಾಮಿಗೆ ಹಾಕಿದ್ದವನೇ ಅವನು. ಆದರೆ ಅವನದೊಂದು ನಿಯಮವಿತ್ತು. ಕಚೇರಿಯ ಸುದ್ದಿಯನ್ನು ಮನೆಯಲ್ಲಿ ಮೊದಲು ಹೇಳಕೂಡದು. ನೀರಿನವನ ಹೆಂಡತಿಯ ಡ್ರಮ್ ಮಾತ್ರ ತುಂಬಿದೆ ಎಂದು ನಾಳೆ ನಾಲ್ಕು ಜನ ಆಡಿಕೊಳ್ಳಬಾರದು. ನಿಯಮವನ್ನು ಯಾರೂ ಕೇಳಿರಲಿಲ್ಲ, ಇದೆಯೆಂದು ಯಾರಿಗೂ ಗೊತ್ತೂ ಇರಲಿಲ್ಲ. ಆದರೂ ಅದನ್ನು ಪಾಲಿಸುವಾಗೆಲ್ಲ ಅವನ ಎದೆ ಒಂದು ಬೆರಳಿನಷ್ಟು ಉಬ್ಬುತ್ತಿತ್ತು.

"ಮೆಸೇಜ್ ಬರುತ್ತಲ್ಲ, ನೋಡ್ಕೋ. ಎಲ್ಲರಿಗೂ ಬಂದ ಹಾಗೆ ನಿನಗೂ ಬರುತ್ತೆ" ಎಂದು ಹೇಳಿ ಬೀದಿಗಿಳಿದ.

ಮೆಸೇಜ್ ಬಂತು. ಪ್ರೋಗ್ರಾಮು ಹೊಂದಿಸಿದ್ದ ವಾಕ್ಯ ಇದು: 'ಕೊಳವೆ ದುರಸ್ತಿಯ ನಿಮಿತ್ತ ಇಂದು ಹತ್ತು ಗಂಟೆಯ ನಂತರ ಗಿರಣಿ ಬೀದಿಗೆ ನೀರು ಬರುವುದಿಲ್ಲ.' ನಡುವಿನ ಖಾಲಿ ಜಾಗ ಸೇರಿಸಿದರೂ ಕಣ್ಣಿಗೆ ನಲವತ್ತು ಚಿಲ್ಲರೆ ಅಕ್ಷರ, ಅಷ್ಟೆ. ಆದರೆ ಹುಟ್ಟಿನಿಂದಲೇ ಬಂದ ಆ ಕತ್ತರಿಯ ಆಳು ಎಣಿಸುವ ರೀತಿಯೇ ಬೇರೆ. ಅವನಿಗೆ ಕೊಂಬು ಒಂದು, ಗುಡಿಸು ಒಂದು, ಸೊನ್ನೆ ಒಂದು, ಒತ್ತಕ್ಷರವಾದರೆ ಎರಡು. ಎಣಿಸುತ್ತಾ ಬಂದು ಕೊನೆಯ ಪದದ 'ದಿ' ಮುಗಿಯುವಷ್ಟರಲ್ಲಿ ಎಪ್ಪತ್ತಾಯಿತು. ಅಲ್ಲಿಗೆ ಕಚಕ್ ಎಂದು ಕತ್ತರಿಸಿದ. ಬೇರೆ ಯಾವುದಾದರೂ ಭಾಷೆಯಾಗಿದ್ದರೆ ಬೀದಿಯ ಹೆಸರೋ ಗಂಟೆಯೋ ಹೋಗುತ್ತಿತ್ತೇನೋ. ಕನ್ನಡದಲ್ಲಿ 'ಇಲ್ಲ' ಬಂದು ಕೂರುವುದು ತೀರಾ ಬಾಲದಲ್ಲಿ. ಗಿರಣಿ ಬೀದಿಯ ಮನೆಮನೆಗೂ ತಲುಪಿದ್ದು, 'ಕೊಳವೆ ದುರಸ್ತಿಯ ನಿಮಿತ್ತ ಇಂದು ಹತ್ತು ಗಂಟೆಯ ನಂತರ ಗಿರಣಿ ಬೀದಿಗೆ ನೀರು ಬರುವುದಿ'.

ಮೊದಲ ಫೋನ್ ಬಂದಾಗ ಅವನು ಗತ್ತಿನಿಂದಲೇ ಎತ್ತಿದ. "ಮೆಸೇಜ್ ನೋಡ್ಲಿಲ್ವೇನಮ್ಮಾ?"

"ನೋಡೇ ಅಲ್ವಾ ತುಂಬಿಸದೆ ಕೂತಿದ್ದು. ಹತ್ತರ ಮೇಲೆ ನೀರು ಬರೋದು ಅಂತ ನೀವೇ ಹಾಕಿದೀರಿ."

"ಓದಿ ಹೇಳಿ ನೋಡೋಣ."

ಆಕೆ ಓದಿದಳು. "ಬರುವುದಿ ಅಂತಿದೆ. ಕೊಂಬು ಹಾಕೋ ಕಡೆ ಗುಡಿಸು ಹಾಕಿದೀರಿ, ಪಾಪ ಅವಸರದಲ್ಲಿ ಬರೆದಿರಬೇಕು ಅಂದ್ಕೊಂಡ್ವಿ."

ಅವನು ಫೋನ್ ಕೆಳಗಿಟ್ಟ. ಆಗ ನೆನಪಾಯಿತು ಅಂಚು ಯಾಕೆ ಅಷ್ಟುದ್ದ ಇತ್ತೆಂದು. ಸೀಮೆಸುಣ್ಣದ ಕಾಲದಲ್ಲಿ ಕೈ ತಾನಾಗಿ ಮಾಡುತ್ತಿದ್ದದ್ದನ್ನೇ ಅವನು ಅದಕ್ಕೆ ಕಲಿಸಿದ್ದ: ಜಾಗ ಸಾಲದಿದ್ದರೆ ಮೊದಲು ಕಾರಣ ಬಿಡು, ಆಮೇಲೆ 'ಇಂದು' ಬಿಡು, ಏನು ಬೇಕಾದರೂ ಬಿಡು, 'ಇಲ್ಲ' ಮಾತ್ರ ಬಿಡಬೇಡ. ಅವನು ಬರೆದದ್ದರಲ್ಲಿ ಭಾಷೆಯೊಳಗೆ ಇಲ್ಲದ ಆಳು ಅದೊಂದೇ. ದಡ್ಡತನವನ್ನೆಲ್ಲ ಕೀಳುವ ಭರದಲ್ಲಿ, ಅಪ್ಪಿತಪ್ಪಿ ಮಾಡಿದ್ದ ಒಂದು ಜಾಣತನವನ್ನೂ ಹುಡುಕಿ ಕಿತ್ತು ಹಾಕಿದ್ದ.

ಅಷ್ಟರಲ್ಲಿ ಜೇಬಿನ ಮೊಬೈಲ್ ನಡುಗಿತು. ಹೆಂಡತಿ. ಕಚೇರಿಯಲ್ಲಿ ಮನೆಯ ಫೋನ್ ಎತ್ತಬಾರದು ಎಂಬುದು ಅವನ ಇನ್ನೊಂದು ನಿಯಮ. ಎತ್ತಿದ.

"ಮೇಡಂ ತಲೆ ತುಂಬ ಬಣ್ಣ ಇದೆ. ತೊಳೀಬೇಕು. ನಲ್ಲೀಲಿ ಬರೀ ಗಾಳಿ ಬರ್ತಿದೆ. ನೀರು ಯಾವಾಗ ಬಿಡ್ತಾರೆ?" ದನಿ ತಗ್ಗಿತ್ತು, ಪಕ್ಕದಲ್ಲೇ ಮೇಡಂ ಕೂತಿದ್ದರೆಂದು ಗೊತ್ತಾಗುತ್ತಿತ್ತು.

"ಬಿಡಲ್ಲ" ಎಂದ. "ನಾನೇ ತರ್ತೀನಿ, ಇರು."

ಕಚೇರಿಯ ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಕ್ಯಾನ್ ಒಂದು ತುಂಬಿ ನಿಂತಿತ್ತು. ಅದನ್ನು ಹೆಗಲಿಗೇರಿಸಿಕೊಂಡ. "ನೀವು ಹೋಗಿ ಸರ್, ಸರಿಯಾದ ಮೆಸೇಜ್ ನಾನು ಕಳಿಸ್ತೀನಿ" ಎಂದಳು ಪ್ರೋಗ್ರಾಮರ್. ನೀರು ಸರಬರಾಜು ಇಲಾಖೆಯ ನೌಕರ, ತನ್ನದೇ ಇಲಾಖೆ ನಂಬಿ ಕೆಟ್ಟ ಬೀದಿಗೆ, ಬೇರೆಯವರಿಂದ ಕೊಂಡ ನೀರನ್ನು ಹೆಗಲ ಮೇಲೆ ಹೊತ್ತು ಓಡಿದ. ಬಾಗಿಲುಗಳಲ್ಲಿ ಜನ ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಯಾರೋ "ಬಂತು ಬಂತು, ಬರುವುದಿ ಬಂತು" ಎಂದರು. ನಗುವುದಕ್ಕೆ ಅವನಿಗೆ ಉಸಿರಿರಲಿಲ್ಲ.

ಪಾರ್ಲರಿನಲ್ಲಿ ಹೆಡ್ ಮೇಡಂ ಬೇಸಿನ್ನಿಗೆ ತಲೆಯಿಟ್ಟು ಕಣ್ಣು ಮುಚ್ಚಿ ಕೂತಿದ್ದರು. ಹಣೆಯ ಅಂಚಿನವರೆಗೂ ಬಣ್ಣ ಇಳಿದಿತ್ತು. ಹೆಂಡತಿ ಮಗ್ಗನ್ನು ಅವನ ಕೈಗಿಟ್ಟಳು. ಅವನು ಹೊಯ್ದ, ಅವಳು ತೊಳೆದಳು.

"ಆ ಮೆಸೇಜ್ ಬರೆಯೋನು ಯಾರಂತೆ?" ಮೇಡಂ ಕಣ್ಣು ತೆರೆಯದೆ ಕೇಳಿದರು. "ನನ್ನ ಹತ್ರ ಓದಿದ್ದಿದ್ರೆ ಬರುವುದು ಅಂತ ಐವತ್ತು ಸಲ ಬರೆಸ್ತಿದ್ದೆ."

"ನಾನೇ ಮೇಡಂ" ಎಂದ ಅವನು. "ದಡ್ಡ ಅಂದ್ರೆ ಅಂತಿಂಥ ದಡ್ಡ ಅಲ್ಲ ಮೇಡಂ ನಾನು. ಕೈಪಿಡೀನ ಮಾನಿಟರ್ ಕೆಳಗೆ ಇಟ್ಕೊಂಡು..."

"ನೀರು ಹಾಕಿ" ಎಂದಳು ಹೆಂಡತಿ.

ಒರೆಸಿ ಕನ್ನಡಿಯ ಮುಂದೆ ಕೂರಿಸಿದಾಗ ಮೇಡಂ ತಲೆ ಇದ್ದಿಲಿನ ಹಾಗೆ ಕಪ್ಪಗಿತ್ತು. ಅವರು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. "ನಾನು ಕಂದು ಕೇಳಿದ್ದೆ."

"ಹೌದು ಮೇಡಂ. ಹೊತ್ತಿಗೆ ತೊಳೆದಿದ್ರೆ ಕಂದೇ ಬರ್ತಿತ್ತು. ನೀರು ನೋಡ್ಕೊಂಡು ಹಚ್ಚಬೇಕಿತ್ತು. ತಪ್ಪು ನನ್ನದೇ."

ಅವಳು ಹೇಳಿದ್ದು ಅಷ್ಟೇ. ಅದಕ್ಕೆ ಒಗ್ಗರಣೆ ಇರಲಿಲ್ಲ, ನಗಿಸುವ ಆಸೆ ಇರಲಿಲ್ಲ. ತಪ್ಪನ್ನು ಹೀಗೂ ಒಪ್ಪಿಕೊಳ್ಳಬಹುದು ಎಂದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಮಗ್ಗು ಹಿಡಿದು ನಿಂತವನಿಗೆ ನಿಜವಾಗಿ ನಾಚಿಕೆಯಾಯಿತು.

"ನಿನ್ನ ಕೈ ಚೆನ್ನಾಗಿದೆ ಕಣಮ್ಮಾ" ಎಂದರು ಮೇಡಂ ಏಳುತ್ತಾ. "ಆದ್ರೆ ನೀರಿರುತ್ತೋ ಇಲ್ವೋ ಗೊತ್ತಿಲ್ಲದ ಕಡೆ ನಮ್ಮೋರನ್ನ ಹೇಗೆ ಕಳಿಸ್ಲಿ?"

ಅವರು ಹೋದ ಮೇಲೆ ಹೆಂಡತಿ ಬಾಚಣಿಗೆಗಳನ್ನು ಒಂದೊಂದಾಗಿ ಒರೆಸಿಟ್ಟಳು. ಆಮೇಲೆ ಕೇಳಿದಳು, "ಬೆಳಿಗ್ಗೆ ನಾನು ಕೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನನ್ನಂಥ ಕತ್ತೆ..."

"ಅದು ಬೇಡ. ಪ್ರತಿ ಸಲ ನಿಮ್ಮನ್ನ ನೀವೇ ಬೈಕೊಂಡು ತಪ್ಪಿಸ್ಕೋತೀರಿ, ಬೈಯೋಕೆ ನನಗೆ ಏನೂ ಉಳಿಸಲ್ಲ. ಮೆಸೇಜಂತೆ, ಪ್ರೋಗ್ರಾಮಂತೆ. ದೇವರು ಹುಟ್ಟುವಾಗಲೇ ಒಂದು ಬಾಯಿ ಕೊಟ್ಟು ಕಳಿಸಿದ್ನಲ್ರೀ, ಅದರಲ್ಲಿ ನೀರು ಬರಲ್ಲ ಅನ್ನೋಕೆ ಏನಾಗಿತ್ತು?"

ಅವಳು ಕೈಪಿಡಿ ಓದಿದವಳಲ್ಲ. ಆದರೂ ಆ 'ಬಿಲ್ಟ್ ಇನ್' ಅಧ್ಯಾಯದ ಹೆಸರನ್ನು ಕನ್ನಡದಲ್ಲಿ ಸರಿಯಾಗಿಯೇ ಹೇಳಿದ್ದಳು.

ಮಾರನೆಯ ದಿನವೇ ಅಂಚು ಕೆಲಸಕ್ಕೆ ವಾಪಸಾಯಿತು. ಈ ಸಲ ಅದರ ನೆತ್ತಿಯ ಮೇಲೆ 'ಇಲ್ಲವನ್ನು ಮುಟ್ಟಬೇಡ' ಎಂದು ಟಿಪ್ಪಣಿ ಬರೆದ. ಕಚೇರಿಯಲ್ಲಿ ಅವನ ಹೆಸರು ಬದಲಾಯಿತು. "ಏನಪ್ಪಾ ಬರುವುದಿ, ಈ ತಿಂಗಳು ಬಡ್ತಿ ಬರುವುದಿ?" ಎಂದು ಮೆಟ್ಟಿಲ ಮೇಲೆ ಕೇಳುತ್ತಿದ್ದರು. ಅವರಿಗಿಂತ ಮೊದಲು ನಗುವುದನ್ನು ಅವನು ಬಿಟ್ಟಿದ್ದ. ಆಮೇಲೆ ನಗುತ್ತಿದ್ದ, ಸ್ವಲ್ಪ.

ಪಾರ್ಲರಿನ ಕುರ್ಚಿ ಖಾಲಿಯೇ ಇತ್ತು. ಶಾಲೆ ಬಿಟ್ಟಾಗ ಟೀಚರುಗಳು ಬಾಗಿಲ ಮುಂದೆ ಹಾದು ಹೋಗುತ್ತಿದ್ದರು, ಒಳಗೆ ತಿರುಗಿ ನೋಡುತ್ತಿರಲಿಲ್ಲ. ಹಳೆಯ ಯಜಮಾನಿ, ಇಲ್ಲೊಂದು ಜಾಗ ಖಾಲಿ ಇದೆ ಎಂದು ಯಾರ ಕೈಲೋ ಹೇಳಿಕಳಿಸಿದಳು. ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬರುವ ತಿಂಗಳು ನೋಡೋಣ ಎಂದಳು. ಆ ಮಾತು ಕೇಳಿ ಅವನಿಗೆ ಊಟ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿ ಮುಗಿಸಿದವನು ಏಳದೆ ಅಲ್ಲೇ ಕೂತ. ಒಳಗೆ ಅವಳು ನೆಲ ಒರೆಸುತ್ತಿದ್ದಳು.

"ಕೇಳಿಸ್ತಾ?" ಎಂದ. "ಇವತ್ತು ಹತ್ತರ ಮೇಲೆ ನೀರು ಬರಲ್ಲ."

ಬಟ್ಟೆ ನಿಂತಿತು. "ಮೆಸೇಜ್ ಬಂದಿಲ್ವಲ್ಲ?"

"ಬರುತ್ತೆ. ಅದಕ್ಕೆ ಮುಂಚೆ ನಾನು ಹೇಳ್ತಿದೀನಿ. ಪಕ್ಕದ ಮನೆಯವರಿಗೂ ಹೇಳು. ಬೀದಿಗೆಲ್ಲ ಹೇಳು ಬೇಕಾದ್ರೆ."

"ಇನ್ನೊಂದ್ಸಲ ಹೇಳಿ. ಬಾಲ ಸಮೇತ."

"ಬರುವುದಿಲ್ಲ" ಎಂದ ಅವನು, ಕರಿಹಲಗೆಯ ಮೇಲೆ ಬರೆಯುವವನ ಹಾಗೆ ಬಿಡಿಸಿ ಬಿಡಿಸಿ.

ಅವಳು ಡ್ರಮ್ಮಿನೊಳಗೆ ಪೈಪ್ ಬಿಟ್ಟು ನಲ್ಲಿ ತಿರುಗಿಸಿದಳು. ಅವನು ಬೀದಿಯ ತಿರುವಿಗೆ ಬಂದರೂ ಡ್ರಮ್ ತುಂಬುವ ಸದ್ದು ಕೇಳುತ್ತಿತ್ತು.

ಮಧ್ಯಾಹ್ನ ಜೇಬಿನ ಮೊಬೈಲ್ ನಡುಗಿದ ತಕ್ಷಣ ಎತ್ತಿದ.

"ಮೂರು ಜನ ಟೀಚರ್ ಬಂದಿದಾರೆ" ಎಂದಳು ಹೆಂಡತಿ. ದನಿ ತಗ್ಗಿತ್ತು, ಆದರೆ ಆವತ್ತಿನ ಹಾಗಲ್ಲ. "ನೀರಿಲ್ಲದ ದಿನ ನೋಡ್ಕೊಂಡು ಹೋಗಿ, ಅವತ್ತೂ ಅಲ್ಲಿ ನೀರಿದ್ರೆ ಕೂತ್ಕೊಳ್ಳಿ ಅಂತ ಹೆಡ್ ಮೇಡಂ ಹೇಳಿ ಕಳಿಸಿದಾರಂತೆ. ಬಂದವರು ಕುರ್ಚಿ ಕಡೆ ನೋಡ್ಲೇ ಇಲ್ಲ ರೀ. ನೆಟ್ಟಗೆ ಹೋಗಿ ಡ್ರಮ್ ಮುಚ್ಚಳ ಎತ್ತಿ ನೋಡಿದ್ರು. ಆಮೇಲೆ ಕೂತ್ರು."

ತನ್ನ ಮೇಲೇ ಒಂದು ಜೋಕು ಅವನ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡ. "ತುಂಬಾ ಸಂತೋಷ ಆಯ್ತು" ಎಂದ. "ಸಂಜೆ ಬೇಗ ಬರ್ತೀನಿ, ಕೊಡ ಹೊರೋಕೆ."

"ಬರುವುದೋ, ಬರುವುದಿಯೋ?"

"ಬರುವುದು" ಎಂದ ಅವನು. "ಕೊಂಬು ಇದೆ, ನೋಡ್ಕೋ."